ಗಾಳಿಗಿರಲಿ ಜಾಗ

ಕಾರಿಗೆ ದೊಡ್ಡ ಚಕ್ರ ಹಾಕಿಸುವ ಆಸೆ ಈಗ ಊರೂರಿಗೂ ಹಬ್ಬಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿರಲಿ, ತಾಲ್ಲೂಕು ಕೇಂದ್ರದ ಟೈರ್ ಅಂಗಡಿಯಿರಲಿ, ಗೋಡೆಗೆ ತೂಗುಹಾಕಿದ ಅಲಾಯ್ ವೀಲ್‌ಗಳ ಮುಂದೆ ಹುಡುಗರು ನಿಂತೇ ಇರುತ್ತಾರೆ. ‘ಹದಿನೈದು ತೆಗೆದು ಹದಿನೇಳು ಹಾಕ್ಸಿ ಸಾರ್, ಗಾಡಿ ಲುಕ್ಕೇ ಬೇರೆಯಾಗುತ್ತೆ’ ಎನ್ನುತ್ತಾನೆ ಅಂಗಡಿಯವನು. ಅವನ ಮಾತು ಸುಳ್ಳಲ್ಲ. ಚಕ್ರದ ಗೂಡು ತುಂಬಿ ನಿಂತ ಕಾರಿಗೆ ಒಂದು ಠೀವಿ ಬಂದೇ ಬರುತ್ತದೆ. ಆ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ವರ್ಷಗಟ್ಟಲೆ ಕಂತು ಕಟ್ಟಿ ಕೊಂಡ ಕಾರು ಚೆಂದ ಕಾಣಲಿ ಎನ್ನುವುದರಲ್ಲಿ ತಪ್ಪೇನಿದೆ? ಆದರೆ ಆ ಚೆಂದಕ್ಕೆ ಏನನ್ನು ತೆರುತ್ತಿದ್ದೇವೆ ಎಂಬುದು ಅಂಗಡಿಯ ಬಿಲ್ಲಿನಲ್ಲಿ ಬರುವುದಿಲ್ಲ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಿದರೆ ಮಾತ್ರ ಅದು ತಿಳಿಯುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಅಳತೆ 185/65 ಆರ್ 15. ಟೈರಿನ ಅಗಲ 185 ಮಿಲಿಮೀಟರ್; ರಬ್ಬರಿನ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ಅಂದರೆ 120 ಮಿಲಿಮೀಟರ್; ಒಳಗಿನ ರಿಮ್ 15 ಇಂಚು. ಎಲ್ಲ ಕೂಡಿದರೆ ಚಕ್ರದ ಒಟ್ಟು ಎತ್ತರ ಸುಮಾರು 622 ಮಿಲಿಮೀಟರ್. ಇದೇ ಕಾರಿಗೆ 17 ಇಂಚಿನ ರಿಮ್ ಹಾಕಿಸಲು ಹೋದರೆ ಅಂಗಡಿಯವನು ಸಾಮಾನ್ಯವಾಗಿ ಕೊಡುವುದು 205/45 ಆರ್ 17. ಅದರ ಒಟ್ಟು ಎತ್ತರ ಸುಮಾರು 616. ನೆಲದಿಂದ ನೆತ್ತಿಯವರೆಗೆ ಚಕ್ರ ಒಂದಿಷ್ಟೂ ಬೆಳೆದಿಲ್ಲ, ಕೂದಲೆಳೆಯಷ್ಟು ಕುಗ್ಗಿದೆ. ಬೆಳೆಯುವಂತೆಯೂ ಇಲ್ಲ. ಒಟ್ಟು ಸುತ್ತಳತೆ ಬದಲಾದರೆ ಸ್ಪೀಡೋಮೀಟರ್ ತಪ್ಪು ವೇಗ ತೋರಿಸುತ್ತದೆ, ಸ್ಟೇರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ಹಾಗಾಗಿ ಲೋಹ ಬೆಳೆದಷ್ಟೂ ರಬ್ಬರಿನ ಗೋಡೆ ತಗ್ಗಲೇಬೇಕು. 120 ಮಿಲಿಮೀಟರ್ ಇದ್ದ ಗೋಡೆ 92ಕ್ಕೆ ಇಳಿಯಿತು. ರಸ್ತೆಗೂ ರಿಮ್ಮಿಗೂ ನಡುವೆ ಇದ್ದ ಗಾಳಿಯ ಮೆತ್ತೆಯಲ್ಲಿ ಒಂದು ಇಂಚಿಗಿಂತ ಹೆಚ್ಚು ಹೋಯಿತು.

ಗಾಳಿ ತುಂಬಿದ ಟೈರು ಜನಪ್ರಿಯವಾದದ್ದೇ ಆ ಮೆತ್ತೆಯ ಗುಣದಿಂದ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಸುತ್ತಿದ. ನಮ್ಮ ಕಡೆ ಆ ಸುಖ ಕಾರಿನವರಿಗಷ್ಟೇ ಅಲ್ಲ, ಎತ್ತುಗಳಿಗೂ ತಿಳಿಯಿತು. ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರ ಹೋಗಿ ಟೈರಿನ ಗಾಡಿ ಬಂದ ಮೇಲೆ ಮಂಡ್ಯ ಸೀಮೆಯಲ್ಲಿ ಕಬ್ಬು ಎಳೆಯುವ ಎತ್ತುಗಳ ಹೆಗಲಿಗೆ ಎಷ್ಟೋ ಆರಾಮವಾಯಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅಷ್ಟು ದೊಡ್ಡ ಹುದ್ದೆಯಲ್ಲಿದ್ದೂ ಎತ್ತಿನ ಗಾಡಿಯ ಸುಧಾರಣೆಗೆ ಬದುಕಿನ ದೊಡ್ಡ ಪಾಲನ್ನು ಕೊಟ್ಟರು. ಚಕ್ರ ಕೆಟ್ಟದ್ದಾದರೆ ಅದರ ನೋವು ಉಣ್ಣುವುದು ಪ್ರಾಣಿ ಎಂಬುದನ್ನು ಮನಗಂಡಿದ್ದವರು ಅವರು. ಅಂಬಾಸಿಡರ್ ಕಾರನ್ನೂ ಇಲ್ಲಿ ನೆನೆಯಬೇಕು. ಅದರ ರಿಮ್ಮೂ 15 ಇಂಚಿನದೇ. ಇವತ್ತಿನ ಸಣ್ಣ ಕಾರಿನಷ್ಟೇ ಎಂದರೆ ಅನೇಕರು ನಂಬುವುದಿಲ್ಲ. ಆದರೆ ಅದಕ್ಕೆ ಹಾಕುತ್ತಿದ್ದ ಟೈರಿನ ಗೋಡೆ ಎತ್ತರವಾಗಿ, ದಪ್ಪವಾಗಿ ಇರುತ್ತಿತ್ತು. ಹಳ್ಳಿಯ ಕಲ್ಲುದಾರಿಯಲ್ಲೂ ಅದು ಸಾವಧಾನವಾಗಿ ಸಾಗುತ್ತಿದ್ದುದರಲ್ಲಿ ಆ ರಬ್ಬರಿನ ಪಾಲು ಸಣ್ಣದಲ್ಲ.

ಈಗ ತೆಳು ಗೋಡೆಯ ಟೈರು ಗುಂಡಿಗೆ ಬಿದ್ದಾಗ ಏನಾಗುತ್ತದೆ ನೋಡಿ. ಗುಂಡಿಯ ಅಂಚು ಟೈರನ್ನು ಒತ್ತುತ್ತದೆ. ಗೋಡೆ ಎತ್ತರವಿದ್ದರೆ ರಬ್ಬರು ಬಾಗಿ, ಗಾಳಿ ಒತ್ತಿಕೊಂಡು, ಪೆಟ್ಟು ಅಲ್ಲೇ ಕರಗುತ್ತದೆ. ಗೋಡೆ ಗಿಡ್ಡವಿದ್ದರೆ ರಬ್ಬರು ಪೂರ್ತಿ ಮಡಚಿಕೊಂಡು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಿಸುಕಿಹೋಗುತ್ತದೆ. ಒಳಗೆ ಹೆಣೆದ ದಾರಗಳು ಹರಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಒಂದೆರಡು ದಿನದಲ್ಲಿ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಏಳುತ್ತದೆ. ಅದಕ್ಕೆ ಪಂಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರನ್ನೇ ಎಸೆಯಬೇಕು. ಎಸೆಯದೆ ಹೆದ್ದಾರಿಗೆ ಹೋದವರ ಜೀವಕ್ಕೆ ಅದು ಸಂಚಕಾರ. ರಿಮ್ ಡೊಂಕಾದರೆ ಬೆಂಡ್ ತೆಗೆಸಬಹುದು. ಬಿರುಕು ಬಿಟ್ಟರೆ ಅದೂ ಮುಗಿಯಿತು. ಮಳೆಗಾಲದಲ್ಲಿ ನೀರು ನಿಂತ ರಸ್ತೆಯ ತಳದಲ್ಲಿ ಗುಂಡಿ ಎಲ್ಲಿದೆ ಎಂದು ಎಂಥ ಚಾಲಕನೂ ಹೇಳಲಾರ. ಅದೇ ನೀರಿನ ಮೇಲೆ ಅಗಲ ಟೈರು ಬೇಗ ತೇಲಿ ಹಿಡಿತ ಬಿಡುತ್ತದೆ ಎಂಬುದೂ ನೆನಪಿರಲಿ.

ಹಂಪುಗಳ ಕಥೆಯೂ ಇದೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ; ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವಂಥದ್ದು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳು ಹೇಗಿರುತ್ತವೆ ಎಂದು ಹೇಳಬೇಕಿಲ್ಲ. ಇಂಥ ರಸ್ತೆ ನಮ್ಮ ದಿನನಿತ್ಯದ ಪಾಡಾಗಿರುವಾಗ ಟೈರಿನೊಳಗಿನ ಗಾಳಿಯನ್ನು ನಾವೇ ಕೈಯಾರೆ ಕಡಿಮೆ ಮಾಡಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ದೊಡ್ಡ ರಿಮ್ಮಿನಿಂದ ಲಾಭವೇ ಇಲ್ಲವೆಂದಲ್ಲ. ಗಿಡ್ಡ ಗೋಡೆಯ ಟೈರು ತಿರುವಿನಲ್ಲಿ ಬಳುಕುವುದಿಲ್ಲ, ಸ್ಟೇರಿಂಗಿಗೆ ತಕ್ಷಣ ಸ್ಪಂದಿಸುತ್ತದೆ, ಒಣ ರಸ್ತೆಯಲ್ಲಿ ಗಟ್ಟಿಯಾಗಿ ಕಚ್ಚುತ್ತದೆ. ದೊಡ್ಡ ಬ್ರೇಕ್ ಡಿಸ್ಕಿಗೂ ಒಳಗೆ ಜಾಗ ಸಿಗುತ್ತದೆ. ಘಾಟಿಯ ತಿರುವುಗಳಲ್ಲಿ ಓಡಿಸುವ ಹುಚ್ಚಿರುವವರಿಗೆ ಇದು ನಿಜವಾದ ಸುಖ. ಆದರೆ ಮಕ್ಕಳನ್ನು ಶಾಲೆಗೆ ಬಿಟ್ಟು, ಕಚೇರಿಗೆ ಹೋಗಿ, ಸಂಜೆ ತರಕಾರಿ ತಂದು ಮನೆ ಸೇರುವ ಕಾರು ಆ ಸುಖವನ್ನು ಕಾಣುವುದು ಯಾವಾಗ? ಭಾರದ ರಿಮ್ಮನ್ನು ನಿಲ್ಲಿಸಿ, ಮತ್ತೆ ಹೊರಡಿಸಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಉರುಳಿಸುವುದರಲ್ಲಿ ಮೈಲೇಜೂ ತಗ್ಗುತ್ತದೆ. ಚಕ್ರದ ಭಾರ ಸ್ಪ್ರಿಂಗಿನ ಕೆಳಗಿರುವುದರಿಂದ ಅದು ಹೆಚ್ಚಿದಷ್ಟೂ ಸಸ್ಪೆನ್ಷನ್ನಿಗೆ ಚಕ್ರವನ್ನು ಹತೋಟಿಯಲ್ಲಿಡುವುದು ಕಷ್ಟ. ಪ್ರತಿ ಏರುತಗ್ಗಿನ ಕುಲುಕು ನೇರ ಸೀಟಿಗೆ ಬರುತ್ತದೆ.

ಹಾಕಿಸಲೇಬೇಕು ಎನ್ನುವವರು ಒಂದು ಇಂಚಿಗೆ ನಿಲ್ಲಲಿ, ಅದೂ ಆ ಕಾರಿನ ಯಾವುದಾದರೂ ಮಾದರಿಗೆ ತಯಾರಕರೇ ಕೊಟ್ಟಿರುವ ಅಳತೆಯನ್ನೇ ಆರಿಸಲಿ. ಅಳತೆಯ ಪಕ್ಕದಲ್ಲಿರುವ ಇನ್ನೊಂದು ಅಂಕಿಯನ್ನು ನೋಡದೆ ದುಡ್ಡು ಕೊಡಬಾರದು. 88 ಎಂದಿದ್ದರೆ ಆ ಟೈರು 560 ಕಿಲೋ ಹೊರಬಲ್ಲದು. 84 ಎಂದಿದ್ದರೆ 500 ಕಿಲೋ ಮಾತ್ರ. ದೊಡ್ಡದೆಂದು ಕೊಂಡ ಟೈರು ಹಳೆಯದಕ್ಕಿಂತ ಕಡಿಮೆ ಭಾರ ಹೊರುವಂಥದ್ದಾಗಿರುವುದು ಅಪರೂಪವೇನಲ್ಲ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ತಯಾರಕರು ನಿಗದಿಮಾಡಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ. ಸ್ಟೆಪ್ನಿ ಹಳೆಯ ಅಳತೆಯದೇ ಉಳಿದರೆ ಪಂಚರ್ ಆದ ದಿನ ಒಂದು ಚಕ್ರ ಒಂದು ಥರ, ಮೂರು ಇನ್ನೊಂದು ಥರ.

ಚಾಲಕನಿಗೆ ಹಿಡಿದುಕೊಳ್ಳಲು ಸ್ಟೇರಿಂಗ್ ಇರುತ್ತದೆ, ಮುಂದೆ ಬರುವ ಗುಂಡಿ ಕಣ್ಣಿಗೆ ಕಾಣುತ್ತದೆ, ಮೈ ಮೊದಲೇ ಬಿಗಿಯಾಗುತ್ತದೆ. ಹಿಂದೆ ಕುಳಿತವರಿಗೆ ಇದಾವುದೂ ಇಲ್ಲ. ಸೊಂಟನೋವಿನ ತಾಯಿ, ಏಳು ತಿಂಗಳು ತುಂಬಿದ ಸೊಸೆ, ಆಪರೇಷನ್ ಆಗಿ ಮನೆಗೆ ಮರಳುತ್ತಿರುವ ಮಾವ ಕೂರುವುದು ಅಲ್ಲೇ. ಹೊಸ ಕಾರಿನ ದುಬಾರಿ ಮಾದರಿಗೆ ದೊಡ್ಡ ಅಲಾಯ್ ಕೊಟ್ಟು, ಅಗ್ಗದ ಮಾದರಿಗೆ ಸಣ್ಣ ರಿಮ್ ಕೊಡುವುದು ಕಂಪನಿಗಳ ರೂಢಿ. ಕುಲುಕಾಟದ ವಿಷಯದಲ್ಲಿ ಹಲವು ಬಾರಿ ಆ ಅಗ್ಗದ ಮಾದರಿಯೇ ಹಿತ. ಶೋರೂಮಿನವರು ಟೆಸ್ಟ್ ಡ್ರೈವ್‌ಗೆ ನುಣುಪಾದ ರಸ್ತೆಯಲ್ಲಿ ಕರೆದೊಯ್ದು ಕೀ ಕೈಗೆ ಕೊಡುತ್ತಾರೆ. ಅದನ್ನು ಮಗನಿಗೋ ಮಗಳಿಗೋ ಕೊಟ್ಟು, ದುಡ್ಡು ಕೊಡುವವರು ಹಿಂದಿನ ಸೀಟಿನಲ್ಲಿ ಕೂತು, ನಿಮ್ಮ ಬಡಾವಣೆಯ ಅತಿ ಕೆಟ್ಟ ರಸ್ತೆಗೆ ತಿರುಗಿಸಲು ಹೇಳಿ. ಎರಡೂ ಮಾದರಿಯಲ್ಲಿ ಹಾಗೆ ಕೂತು ಬಂದ ಮೇಲೆ ಯಾವ ರಿಮ್ ಬೇಕೆಂದು ನಿರ್ಧರಿಸಿ.