ಒಂದು ಹಾಡಿನ ಋಣ

ಯೌವನದಲ್ಲಿ ಅರೆಗಳಿಗೆ ಮಾಡಿದ ಒಂದು ಕೆಲಸದಿಂದಲೇ ಆಯುಷ್ಯವೆಲ್ಲ ಗುರುತಿಸಲ್ಪಡುವವನನ್ನು ಭಾಗ್ಯಶಾಲಿಯೆನ್ನಬೇಕೋ, ಆ ಕೆಲಸದ ಸೆರೆಯಾಳೆನ್ನಬೇಕೋ? ಅಮೆರಿಕದ ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ಹೆಸರಾದ ಗಿಟಾರ್ ವಾದಕ ಮೈಕ್ ಮಿಚೆಲನ ವೃತ್ತಾಂತವನ್ನು ಓದಿದಂದಿನಿಂದ ಈ ಪ್ರಶ್ನೆಯು ನನ್ನನ್ನು ಬಿಟ್ಟಿಲ್ಲ.

1963ನೆಯ ಇಸವಿ ಏಪ್ರಿಲ್ 6ರಂದು ಕಿಂಗ್ಸ್‌ಮೆನ್ ಎಂಬ ತಂಡದ ಐವರು ತರುಣರು, ರಿಚರ್ಡ್ ಬೆರಿ ಎಂಬಾತನು ರಚಿಸಿದ್ದ ‘ಲೂಯಿ ಲೂಯಿ’ ಎಂಬ ಹಾಡನ್ನು ಧ್ವನಿಮುದ್ರಣ ಮಾಡಿಸಿದರು. ಮಿಚೆಲನಿಗೆ 19 ತುಂಬಲು ಆಗ ಹತ್ತು ದಿನ ಉಳಿದಿದ್ದುವು. ಗಾಯಕ ಜ್ಯಾಕ್ ಈಲಿಯ ಉಚ್ಚಾರಣೆಯು ಎಷ್ಟು ಅಸ್ಪಷ್ಟವಾಗಿತ್ತೆಂದರೆ, ಅದರಲ್ಲಿ ಅಶ್ಲೀಲವಡಗಿದೆಯೆಂಬ ದೂರು ಹುಟ್ಟಿ, ಎಫ್.ಬಿ.ಐ. ಎಂಬ ಸರ್ಕಾರದ ಶೋಧನಖಾತೆಯು ವಿಚಾರಣೆ ನಡೆಸಿ, ಮಾತುಗಳೇ ತಿಳಿಯುವುದಿಲ್ಲವೆಂದು ಕೈಬಿಟ್ಟಿತು. (ಪದವೇ ತಿಳಿಯದೆಡೆಯಲ್ಲಿ ವಾಕ್ಯದೋಷವನ್ನು ಹುಡುಕಹೊರಡುವ ಪಂಡಿತರು ನಮ್ಮಲ್ಲಿಯೂ ಇಲ್ಲದಿಲ್ಲ.) ಹಾಡಿನ ನಡುವೆ ಮಾತು ನಿಂತು ಮಿಚೆಲನ ಗಿಟಾರು ಮುಂದಾಗುವುದು. ಅದು ಮುಗಿಯುತ್ತಲೇ ಈಲಿಯು ಕಾಲಕ್ಕೆ ಮೊದಲೇ ಚರಣವನ್ನೆತ್ತಿ, ತಪ್ಪನ್ನರಿತು ಥಟ್ಟನೆ ನಿಲ್ಲುವನು. ತಾಳವಾದ್ಯದವನು ಆ ತೆರಪನ್ನು ತುಂಬುವನು. ಆ ಸ್ಖಾಲಿತ್ಯವನ್ನು ತಿದ್ದದೆಯೇ ತಟ್ಟೆಯನ್ನು ಹೊರಡಿಸಿದರು. ಹುಡುಗರ ತಪ್ಪುಗಳಿಗೆ ಕೆಂಪುಮಸಿಯ ಗೆರೆಯೆಳೆಯುತ್ತ ಮುಪ್ಪಾದ ನನಗೆ, ಗೆರೆ ಬೀಳದುಳಿದ ಈ ತಪ್ಪಿನ ಮೇಲೆ ಮಮತೆ ಹುಟ್ಟಿರುವುದನ್ನು ಒಪ್ಪಿಕೊಳ್ಳಬೇಕಾಗಿದೆ.

ಈಲಿಯು ಕೆಲವೇ ತಿಂಗಳಲ್ಲಿ ಮನಸ್ತಾಪದಿಂದ ಹೊರಟುಹೋದನು. ಮೊದಲಿನ ಐವರಲ್ಲಿ ಕಡೆಯವರೆಗೂ ತಂಡದಲ್ಲಿ ನಿಂತವನು ಮಿಚೆಲನೊಬ್ಬನೇ. ಮುದುಕನಾದ ಮೇಲೆಯೂ ಜನರು ಅವನಿಂದ ಬಯಸಿದ್ದು ಹುಡುಗನಾಗಿದ್ದಾಗ ನುಡಿಸಿದ್ದನ್ನೇ. ಇದು ಸೆರೆಯಲ್ಲವೇ ಎಂದು ಮೊದಲು ನನಗೂ ತೋರಿತು. ಆದರೆ ನಮ್ಮ ಪುರೋಹಿತರು ನೂರಾರು ವಿವಾಹಗಳಲ್ಲಿ ಅದೇ ಮಂತ್ರಗಳನ್ನು ಹೇಳುವರು. ವಧೂವರರಿಗಾದರೋ ಅದು ಒಂದೇ ಸಲದ ಶ್ರವಣ. ಹೇಳುವವನು ಬೇಸತ್ತು ಅಕ್ಷರಲೋಪ ಮಾಡಿದರೆ ಕೇಳುವವರಿಗೆ ವಂಚನೆಯಾಗುವುದು. ಮಂತ್ರವು ವಿಹಿತ, ಇದು ಕೂಲಿಯ ಕುಣಿತದ ಹಾಡು ಎಂದು ಯಾರಾದರೂ ಆಕ್ಷೇಪಿಸಬಹುದು. ಪುರೋಹಿತರು ದಕ್ಷಿಣೆಯನ್ನು ಬೇಡವೆಂದುದನ್ನು ನಾನಂತೂ ಕಂಡಿಲ್ಲ.

ಕೂಲಿಯ ಮಾತು ಬಂದುದರಿಂದ ಇದನ್ನೂ ಹೇಳುವೆನು. ಬೆರಿಯು ಹಾಡಿನ ಹಕ್ಕನ್ನು ಮೊದಲೇ ಅಲ್ಪ ಹಣಕ್ಕೆ ಮಾರಿಬಿಟ್ಟಿದ್ದನು. ನುಡಿಸಿದವರಿಗೂ ತಟ್ಟೆಯ ಸಂಭಾವನೆಯು ಬಹುಕಾಲ ಸಲ್ಲದೆ, ಅವರು ನ್ಯಾಯಸ್ಥಾನಕ್ಕೆ ಹೋಗಿ 1998ರಲ್ಲಿ ಜಯ ಪಡೆದರು. ಆ ಮೂವತ್ತಕ್ಕೂ ಹೆಚ್ಚು ವರ್ಷ ಹಾಡಿಗೆ ಕುಣಿದವರಾರೂ, ಇದರ ಫಲವು ಯಾರಿಗೆ ಸಲ್ಲುತ್ತಿದೆಯೆಂದು ಕೇಳಿದಂತೆ ತೋರುವುದಿಲ್ಲ. ಮಿಚೆಲನು 2021ರ ಏಪ್ರಿಲ್ 16ರಂದು, ತನ್ನ 77ನೆಯ ಹುಟ್ಟುಹಬ್ಬದ ದಿನವೇ, ತೀರಿಕೊಂಡನು.