ಡಬ್ಬಿಯೊಳಗಿನ ಉಸಿರು

ಆದಿಚುಂಚನಗಿರಿಯ ಬಂಡೆಗಳು ಹಗಲಿಡೀ ಕುಡಿದ ಬಿಸಿಲನ್ನು ಮೆಲ್ಲಗೆ ಬಿಟ್ಟುಕೊಡುವ ಹೊತ್ತು. ಅಮಾವಾಸ್ಯೆ, ಭೈರವನ ದರ್ಶನ ಮುಗಿಸಿದವರು ಹಣೆಯ ವಿಭೂತಿಯೊಂದಿಗೆ ಬೆಟ್ಟ ಇಳಿಯುತ್ತಿದ್ದಾರೆ, ಕುರುಚಲಿನಲ್ಲಿ ನವಿಲೊಂದು ಕೂಗಿ ಸುಮ್ಮನಾಗುತ್ತದೆ. ಕೆಳಗಿನ ತೋಟದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಹಳೆಯ ತಗಡಿನ ಡಬ್ಬಿ, ಅದರ ತುಂಬ ಒಡೆದ ತೆಂಗಿನ ಚಿಪ್ಪು, ಬಿಗಿದ ಮುಚ್ಚಳದಲ್ಲಿ ರಾಗಿಕಾಳು ಹಿಡಿಸುವಷ್ಟು ಒಂದು ತೂತು. ಗಾಳಿ ಸೋಕದಂತೆ ಬೇಯಿಸಿದರೆ ಏನು ಹೊರಡುತ್ತದೆ, ಏನು ಉಳಿಯುತ್ತದೆ, ನೋಡುತ್ತ ಕೂತಿದ್ದೇನೆ.

ಮೊದಲು ಹೊರಡುವುದು ನೀರು. ಎಷ್ಟು ಒಣಗಿಸಿದ್ದರೂ ಚಿಪ್ಪಿನೊಳಗೆ ಎಲ್ಲೋ ಅಡಗಿದ್ದ ತೇವ ಬಿಳಿ ಎಳೆಯಾಗಿ ಎದ್ದು ಮುಚ್ಚಂಜೆಯಲ್ಲಿ ಕರಗುತ್ತದೆ. ಆಮೇಲೆ ಹೊಗೆ ಹಳದಿಗೆ ತಿರುಗಿ, ಹುಳಿಯೂ ಸಿಹಿಯೂ ಬೆರೆತು ಕಣ್ಣು ಚುರುಗುಟ್ಟಿಸುವ ವಾಸನೆ ಹರಡಿ, ತೂತಿನ ಅಂಚಿನಲ್ಲಿ ಕಪ್ಪು ಜೇನಿನಂಥ ಡಾಂಬರು ಹನಿಗಟ್ಟುತ್ತದೆ. ಕಡ್ಡಿ ಗೀರಿ ಹಿಡಿದರೆ ಆ ಹೊಗೆಯೇ ಹೊತ್ತಿಕೊಂಡು, ತೂತಿಗೆ ತಾಗದೆ, ಕಾಳಿನಷ್ಟು ಮೇಲೆ ತೇಲಿ ನಿಲ್ಲುತ್ತದೆ. ಬತ್ತಿಯಿಲ್ಲದ, ಎಣ್ಣೆಯಿಲ್ಲದ ದೀಪ. ಹುಟ್ಟಿದಾಗಿನಿಂದ ಒಲೆಯ ಉರಿ ಕಂಡವನಿಗೆ, ಕುಣಿಯುವ ಆ ಜ್ವಾಲೆ ಸೌದೆ ಬಿಟ್ಟ ಉಸಿರು ಎಂಬುದು ತಿಳಿದದ್ದು ದೀಪಕ್ಕೂ ಡಬ್ಬಿಗೂ ನಡುವಿನ ಆ ಬರಿಯ ಜಾಗವನ್ನು ನೋಡುತ್ತ ನೋಡುತ್ತ.

ಭದ್ರಾವತಿಯಲ್ಲಿ ಇದೇ ಡಬ್ಬಿ ಕೋಣೆಗಳಷ್ಟು ದೊಡ್ಡದಾಗಿತ್ತು. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ್ದು ಇದ್ದಿಲಿನಿಂದ. ಮಲೆನಾಡಿನ ಮರವನ್ನು ಮುಚ್ಚಿ ಬೇಯಿಸಿ, ಇದ್ದಿಲನ್ನು ಕಬ್ಬಿಣಕ್ಕೆ ಕೊಟ್ಟು, ಹೊಗೆಯನ್ನು ತಣಿಸಿ ಸ್ಪಿರಿಟ್ಟು, ಡಾಂಬರು ಇಳಿಸಿಕೊಳ್ಳುತ್ತಿದ್ದರು. ಆ ಜಾಣತನಕ್ಕೆ ತಲೆಬಾಗುತ್ತೇನೆ, ಹೋದ ಕಾಡನ್ನು ನೆನೆದು ಮನಸ್ಸು ಮುದುಡುತ್ತದೆ. ಕಲ್ಲಿದ್ದಲು ಇರಲಿಲ್ಲವಲ್ಲ ನಮಗೆ. ನಾನು ಒರಗಿ ಕೂತ ಈ ಸೀಮೆಯ ಬಂಡೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನದು. ಭೂಮಿಯ ಮೇಲೆ ಮೊದಲ ಕಾಡು ಎದ್ದು ನಲವತ್ತು ಕೋಟಿ ವರ್ಷವೂ ಆಗಿಲ್ಲ. ಎಲೆ ಎಂಬುದೇ ಇರದ ಕಾಲದಲ್ಲಿ ಗಟ್ಟಿಯಾದ ಕಲ್ಲಿನ ಹೊಟ್ಟೆಯಲ್ಲಿ ಮರದ ನೆನಪು ಎಲ್ಲಿಂದ ಬರಬೇಕು?

ಅದಕ್ಕೇ ತಮಿಳುನಾಡಿನ ನೈವೇಲಿಯಿಂದ ನೆಂಟರೊಬ್ಬರು ತಂದುಕೊಟ್ಟ, ಲಿಗ್ನೈಟು ಎಂಬ ಎಳೆಯ ಕಲ್ಲಿದ್ದಲಿನ ಹೆಂಟೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡಿದ್ದೆ. ಕಂದು ಬಣ್ಣ, ಮುಟ್ಟಿದರೆ ತಣ್ಣಗೆ, ಒಂದು ಮಗ್ಗುಲಲ್ಲಿ ಮರದ ಎಳೆಗಳು ಇನ್ನೂ ಮಾಸಿಲ್ಲ. ಕಲ್ಲಾಗಲು ಹೊರಟು ದಾರಿಯಲ್ಲೇ ಕೂತ ಮರ. ಪ್ರಯೋಗಶಾಲೆಯ ಗ್ರೇ-ಕಿಂಗ್ ಪರೀಕ್ಷೆಯಲ್ಲಿ ಇಂಥದರ ಇಪ್ಪತ್ತು ಗ್ರಾಂ ಪುಡಿಯನ್ನು ಗಾಜಿನಂಥ ಕೊಳವೆಯಲ್ಲಿಟ್ಟು, ನಿಮಿಷಕ್ಕೆ ಐದೈದು ಡಿಗ್ರಿಯಂತೆ 600 ಡಿಗ್ರಿಯವರೆಗೆ ಕಾಯಿಸುತ್ತಾರೆ. ಒಳ್ಳೆಯ ಜಾತಿಯ ಕಲ್ಲಿದ್ದಲು ಮೆದುವಾಗಿ, ಉಬ್ಬಿ, ಒಂದಕ್ಕೊಂದು ಬೆಸೆದು ಕೋಕ್ ಆಗುತ್ತದೆ. ಎಳೆಯ ಲಿಗ್ನೈಟು ಕರಗುವುದಿಲ್ಲ, ಬೆಸೆಯುವುದಿಲ್ಲ, ಪುಡಿಯಾಗಿಯೇ ಉಳಿಯುತ್ತದೆ. ನೈವೇಲಿಯಲ್ಲಿ ಅದನ್ನು ಒಣಗಿಸಿ, ಬಿಲ್ಲೆಗಳಾಗಿ ಒತ್ತಿ, ಆಮೇಲೆ ಬೇಯಿಸಿ ಲೆಕೊ ಎಂಬ ಹೆಸರಿನಲ್ಲಿ ಅಡುಗೆಮನೆಗಳಿಗೆ ಕೊಟ್ಟಿದ್ದರು.

ಎರಡನೆಯ ಡಬ್ಬಿ ಒಲೆಗೇರಿತು. ಹಬೆ, ಹಬೆ, ಮುಗಿಯದ ಹಬೆ. ತೂಕದಲ್ಲಿ ಅರ್ಧದಷ್ಟು ನೀರೇ ತುಂಬಿಕೊಂಡ ವಸ್ತು, ಯಾವ ಕಾಲದ ಕೆಸರಿನ ತೇವವೋ ಈ ನಾಗಮಂಗಲ ಸೀಮೆಯ ಗಾಳಿಗೆ ಸೇರುತ್ತಿದೆ. ಕತ್ತಲು ಪೂರ್ತಿ ಇಳಿದ ಮೇಲೆ ಹೊತ್ತಿದ ದೀಪ ಚಿಪ್ಪಿನ ದೀಪಕ್ಕಿಂತ ಸಣ್ಣದು, ನಡುಗುವಂಥದು. ಮಾನವರಿಲ್ಲದ ಕಾಲದ ಬಿಸಿಲು ಅದು, ಯಾವುದೋ ಎಲೆ ಹಿಡಿದಿಟ್ಟದ್ದು, ಈಗ ನನ್ನ ಅಂಗೈ ಮೇಲೆ ಬಿದ್ದು ಗೆರೆಗಳನ್ನು ತೋರಿಸುತ್ತಿದೆ.

ಬೆಳಗ್ಗೆ ಡಬ್ಬಿ ತೆಗೆದೆ. ಚಿಪ್ಪು ಬಟ್ಟಲಿನ ಬಾಗು ಬಿಡದೆ ಕರಿದಾಗಿತ್ತು, ಕಲ್ಲಿಗೆ ತಾಗಿಸಿದರೆ ಕಂಚಿನಂತೆ ಟಿಣ್ಣೆಂದಿತು. ಲಿಗ್ನೈಟು ಚೂರುಚೂರು. ಒಂದೇ ಒಂದು ಚೂರಿನಲ್ಲಿ ಆ ಮರದ ಎಳೆಗಳು ಕೂದಲಷ್ಟು ಸಪೂರವಾಗಿ, ಹಾಗೇ ಇದ್ದವು. ಉಸಿರು ತಾಗೀತೆಂದು ಮುಖ ತಿರುಗಿಸಿಕೊಂಡೆ.