ಬಿಡುವುದಕ್ಕೂ ಕಸುವು ಬೇಕು

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೃದಯವನ್ನು ಕಾಪಾಡಲು ವೈದ್ಯರು ಮೊದಲು ಅದನ್ನು ನಿಲ್ಲಿಸುತ್ತಾರೆ. ದೇಹಕ್ಕೆಲ್ಲ ರಕ್ತ ಹರಿಸುವ ಹೊಣೆಯನ್ನು ಹಾರ್ಟ್-ಲಂಗ್ ಯಂತ್ರ ಹೊತ್ತುಕೊಳ್ಳುತ್ತದೆ. ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ, ಹೃದಯದ ಸ್ವಂತ ರಕ್ತನಾಳಗಳಿಗೆ ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣ ಹಾಯಿಸುತ್ತಾರೆ. ಸ್ವಲ್ಪ ಹೊತ್ತಿಗೆ ಮಾನಿಟರಿನ ಗೆರೆ ಸಪಾಟಾಗುತ್ತದೆ. ತಾಯಿಯ ಗರ್ಭದಲ್ಲೇ ಶುರುವಾಗಿ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತ ಬಂದ ಸ್ನಾಯು ಸುಮ್ಮನಾಗುತ್ತದೆ. ಬೇರೆಲ್ಲ ಕಡೆ ಸಾವಿನ ಗುರುತಾದ ಆ ಗೆರೆ ಇಲ್ಲಿ ಅಭಯದ ಗುರುತು.

ಹೃದಯ ಬಳಸುವ ಆಮ್ಲಜನಕದ ಬಹುಪಾಲು ಬಡಿತಕ್ಕೇ ಖರ್ಚಾಗುತ್ತದೆ. ಬಡಿತ ನಿಂತರೆ ಬೇಡಿಕೆ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ತಂಪು ಮಾಡಿದರೆ ಇನ್ನೂ ಕಡಿಮೆ. 1955ರಲ್ಲಿ ಲಂಡನ್ನಿನ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ಸಿಟ್ರೇಟಿನಿಂದ ಹೃದಯ ನಿಲ್ಲಿಸುವ ದಾರಿ ತೋರಿಸಿದರು. ಹೃದಯವೇನೋ ನಿಂತಿತು, ಆದರೆ ದ್ರಾವಣ ತೀರ ಗಾಢವಾಗಿದ್ದರಿಂದ ಸ್ನಾಯುವಿಗೇ ಪೆಟ್ಟಾಯಿತು. ವೈದ್ಯರು ಆ ದಾರಿಯನ್ನು ಕೈಬಿಟ್ಟರು. ಅದೇ ಊರಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡೇವಿಡ್ ಹರ್ಸ್ ಮತ್ತು ಮಾರ್ಕ್ ಬ್ರೇಂಬ್ರಿಜ್ 1970ರ ದಶಕದಲ್ಲಿ ಪೊಟ್ಯಾಸಿಯಂ ತಗ್ಗಿಸಿ, ಮೆಗ್ನೀಸಿಯಂ ಕೂಡಿಸಿ ಹದ ಕಂಡುಕೊಂಡರು.

ಈ ನಡುವೆ, 1972ರಲ್ಲಿ, ಹ್ಯೂಸ್ಟನ್ನಿನ ಡೆಂಟನ್ ಕೂಲಿ ಮತ್ತು ಸಂಗಡಿಗರು ಭೀಕರವಾದೊಂದು ಸ್ಥಿತಿಯನ್ನು ದಾಖಲಿಸಿದರು. ಹೊಲಿಗೆಯೆಲ್ಲ ಸರಿಯಾಗಿ ಮುಗಿದಿದೆ, ಆದರೆ ಹೃದಯ ಬಿಗಿದುಕೊಂಡು ಗಟ್ಟಿಯಾಗಿಬಿಟ್ಟಿದೆ. ಏನು ಮಾಡಿದರೂ ಅರಳದು. ಅವರು ಅದನ್ನು ‘ಸ್ಟೋನ್ ಹಾರ್ಟ್’ ಎಂದರು.

ಇದರ ಕಾರಣ ನನ್ನನ್ನು ಬಹುವಾಗಿ ಕಾಡಿದೆ. ಸ್ನಾಯುಕೋಶದೊಳಗೆ ಎರಡು ಬಗೆಯ ಪ್ರೋಟೀನ್ ಎಳೆಗಳು ಒಂದನ್ನೊಂದು ಹಿಡಿದೆಳೆದಾಗ ಹೃದಯ ಕುಗ್ಗುತ್ತದೆ. ಆ ಹಿಡಿತ ಬಿಡಬೇಕಾದರೆ ಕೋಶದ ಇಂಧನವಾದ ಎಟಿಪಿಯ ಅಣುವೊಂದು ಬಂದು ಕೂರಬೇಕು. ಒಳನುಗ್ಗಿದ ಕ್ಯಾಲ್ಸಿಯಂ ಹೊರದಬ್ಬಲೂ ಅದೇ ಎಟಿಪಿ ಬೇಕು. ರಕ್ತವಿಲ್ಲದೆ ಇಂಧನ ತೀರಿದರೆ ಹಿಡಿದದ್ದು ಹಿಡಿದಂತೆಯೇ ಉಳಿಯುತ್ತದೆ. ಸತ್ತ ದೇಹ ಸೆಟೆದುಕೊಳ್ಳುವುದೂ ಹೀಗೆಯೇ.

ಎಲ್ಲವೂ ಅನಿತ್ಯ, ಆದ್ದರಿಂದ ಬಿಟ್ಟುಬಿಡು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬಿಡುವುದೆಂದರೆ ಶಕ್ತಿ ಉಡುಗಿದ ಮೇಲೆ ತಾನಾಗಿ ಆಗುವ ಕೆಲಸ, ಮುಪ್ಪಿನಲ್ಲಿ ನೋಡಿಕೊಂಡರಾಯಿತು ಎಂದು ನಾವು ಅದನ್ನು ಮುಂದೂಡುತ್ತೇವೆ. ಹೃದಯದ ಕೋಶ ಬೇರೆಯದನ್ನೇ ತೋರಿಸುತ್ತದೆ. ಶಕ್ತಿ ತೀರಿದವನು ಬಿಡಲಾರ. ಅವನ ಹಿಡಿತವೇ ಕೊನೆಗೆ ಉಳಿಯುತ್ತದೆ. ತಣ್ಣನೆಯ ದ್ರಾವಣ ಹೃದಯವನ್ನು ಹಿಗ್ಗಿದ, ಸಡಿಲಾದ ಸ್ಥಿತಿಯಲ್ಲಿ ನಿಲ್ಲಿಸುತ್ತದೆ, ಅದೂ ಇಂಧನ ಇನ್ನೂ ಇರುವಾಗಲೇ.

ಮರಳುವುದೂ ಸುಲಭವಲ್ಲ. ಕ್ಲ್ಯಾಂಪ್ ತೆಗೆದು ರಕ್ತ ಬಿಟ್ಟಾಗ, ಯಾವುದಕ್ಕಾಗಿ ಕೋಶ ಹಸಿದಿತ್ತೋ ಅದೇ ಆಮ್ಲಜನಕ, ಅದೇ ಕ್ಯಾಲ್ಸಿಯಂ ಅದನ್ನು ಘಾಸಿಗೊಳಿಸಬಲ್ಲವು. ಬಹಳ ದಿನ ಉಪವಾಸವಿದ್ದವನಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸಬಾರದು ಎಂಬ ವಿವೇಕವೇ ಇಲ್ಲೂ ಬೇಕು. 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ನಾಯಿಗಳಲ್ಲಿ ಇನ್ನೊಂದನ್ನು ಕಂಡರು: ಮೊದಲೇ ಐದೈದು ನಿಮಿಷ ರಕ್ತ ತಡೆದು ಬಿಟ್ಟ ಹೃದಯ ಮುಂದಿನ ದೊಡ್ಡ ತಡೆಯನ್ನು ಎಷ್ಟೋ ಚೆನ್ನಾಗಿ ತಾಳಿಕೊಂಡಿತು. ಕಷ್ಟ ಉಂಡವನು ಗಟ್ಟಿಯಾಗುತ್ತಾನೆ ಎಂಬ ನೀತಿಯನ್ನು ಇದರಿಂದ ಎತ್ತಿಕೊಳ್ಳಲು ಮನಸ್ಸಾಗುತ್ತದೆ. ಆದರೆ ರೋಗಿಯ ತೋಳಿಗೆ ಪಟ್ಟಿ ಬಿಗಿದು, ಸಡಿಲಿಸಿ ಹೃದಯಕ್ಕೆ ಅಂಥದೇ ರಕ್ಷೆ ಕೊಡಲು ನೋಡಿದ ಎರಡು ದೊಡ್ಡ ಅಧ್ಯಯನಗಳಲ್ಲಿ, 2015ರಲ್ಲಿ, ಪ್ರಯೋಜನ ಕಾಣಲಿಲ್ಲ. ಸಂಕಟವನ್ನು ಹೊಗಳುವ ಮುನ್ನ ಇದನ್ನೂ ನೆನೆಯಬೇಕು.

ಕಾಪಾಡುವುದಾದರೂ ಏನನ್ನು? ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯವರು 2009ರಲ್ಲಿ ಉತ್ತರದ ಒಂದು ಭಾಗ ಕೊಟ್ಟರು. ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ಕಾರ್ಬನ್-14 ಹೃದಯದ ಸ್ನಾಯುಕೋಶಗಳ ಡಿಎನ್‌ಎಯಲ್ಲಿ ಎಷ್ಟಿದೆ ಎಂದು ಅಳೆದು ಅವುಗಳ ವಯಸ್ಸು ತಿಳಿದರು. 25ರ ಹರೆಯದಲ್ಲಿ ವರ್ಷಕ್ಕೆ ಶೇ. 1ರಷ್ಟು ಕೋಶಗಳು ಹೊಸದಾಗುತ್ತವೆ, 75ಕ್ಕೆ ಬರುವಾಗ ಶೇ. 0.45. ಇಡೀ ಆಯುಷ್ಯದಲ್ಲಿ ಅರ್ಧದಷ್ಟೂ ಬದಲಾಗವು. ಅಜ್ಜನ ಎದೆಯಲ್ಲಿ ಬಡಿಯುತ್ತಿರುವ ಹೆಚ್ಚಿನ ಕೋಶಗಳು ಅವರ ತೊಟ್ಟಿಲಿನ ದಿನಗಳವೇ. ಆದರೂ ಆ ಕೋಶದೊಳಗಿನ ಪ್ರೋಟೀನುಗಳು ಸತತವಾಗಿ ಒಡೆದು ಹೊಸದಾಗಿ ಕಟ್ಟಿಕೊಳ್ಳುತ್ತಲೇ ಇರುತ್ತವೆ. ಒಳಗೆ ಏನೂ ನಿಲ್ಲದೆಯೇ ಕೋಶ ನಿಂತಿದೆ. ಶಸ್ತ್ರಚಿಕಿತ್ಸಕರು ಕಾಯುವುದು ಈ ಎಡೆಬಿಡದ ಕಟ್ಟೋಣವನ್ನು.

ಆ ಕಾವಲಿಗೂ ಗಡುವಿದೆ. ಹಲವು ದ್ರಾವಣಗಳನ್ನು ಸುಮಾರು 20 ನಿಮಿಷಕ್ಕೊಮ್ಮೆ ಮತ್ತೆ ಕೊಡಬೇಕು. ಶಸ್ತ್ರಚಿಕಿತ್ಸೆ ಗೆದ್ದರೂ, ಕೂಡಿಸಿದ ನಾಳ ಮುಂದೊಂದು ದಿನ ಕಟ್ಟಿಕೊಳ್ಳಬಹುದು, ಹೊಸದಾಗಿ ಕೂರಿಸಿದ ಕವಾಟ ಸವೆಯಬಹುದು. ಇದನ್ನೆಲ್ಲ ಬಲ್ಲವರೇ ಅಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಾರೆ. ಹೋಗುವುದು ಹೋಗಲಿ ಎನ್ನುವ ವೈರಾಗ್ಯಕ್ಕಿಂತ ಆ ನಿಂತವರ ಎಚ್ಚರವೇ ನನಗೆ ದೊಡ್ಡದು.

ಹೃದಯಾಘಾತದಲ್ಲಿ ಇಂಥ ತಂಪೂ ಇಲ್ಲ, ವಿಶ್ರಾಂತಿಯೂ ಇಲ್ಲ. ರಕ್ತ ಕಟ್ಟಿದ ಹೃದಯ ಬಡಿಯುತ್ತಲೇ ಇರುತ್ತದೆ, ಸುಮಾರು 20 ನಿಮಿಷದಲ್ಲಿ ಕೋಶಗಳು ಸಾಯತೊಡಗುತ್ತವೆ. ಎದೆ ಹಿಂಡಿದರೆ, ಬೆವರಿದರೆ, ನೋವು ತೋಳಿಗೋ ದವಡೆಗೋ ಇಳಿದರೆ ಗ್ಯಾಸ್ಟ್ರಿಕ್ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.